ಹೊಗೆಯ ಕೆಮ್ಮಲ್ಲ

ಛಬು ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಬಜೆಯ ಬೇರು ತೇಯತೊಡಗಿದಳು. ಬಜೆಯಾದ ಮೇಲೆ ಅಳಲೆಕಾಯಿ, ಅದರ ಮೇಲೆ ಜಾಯಿಕಾಯಿ. ಕಲ್ಲಿನ ಮೇಲೆ ಗಂಧದಂಥ ತೆಳು ಬಣ್ಣ ಕೂಡುತ್ತಿದ್ದುದನ್ನು ಬೆರಳಿನಿಂದ ಬಳಿದು ಬೆಳ್ಳಿಯ ಒಳಲೆಗೆ ಇಳಿಸಿದಳು. ಅಕ್ಕ ನಂದಾ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಅವಳ ತೊಡೆಯ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಹೆಣ್ಣುಕೂಸು. ಹೆರಿಗೆಯಾದಂದಿನಿಂದ ನಂದಾಳಿಗೆ ನಿದ್ದೆಯಿಲ್ಲ. ಛಬುವಿಗೆ ಮೊದಲಿನಿಂದಲೂ ಮಾತು ಕಡಿಮೆ. ಏಳನೆಯ ತರಗತಿಗೆ ಶಾಲೆ ಬಿಡಿಸಿ ಮನೆಯ ಚುರುಮುರಿ ಭಟ್ಟಿಯಲ್ಲಿ ಜರಡಿ ಹಿಡಿಸಿದ ಮೇಲಂತೂ ಅವಳ ಬಾಯಿ ಕಣ್ಣಿಗೆ ಹೋಗಿ ಕೂತಿದೆ ಎಂದು ಓಣಿಯವರು ನಗುತ್ತಿದ್ದರು.

ಕರಾಡದ ಆ ಓಣಿಯಲ್ಲಿ ಚುರುಮುರಿ ಭಟ್ಟಿಯಿಲ್ಲದ ಮನೆಯಿಲ್ಲ. ಬೆಳಗಾದರೆ ಬಾಣಲೆಯಲ್ಲಿ ಮರಳು ಕಾಯುತ್ತದೆ. ಒಲೆಯ ಬಾಯಿಗೆ ಭತ್ತದ ಹೊಟ್ಟು, ಹೊಟ್ಟು ಸಾಲದಿದ್ದರೆ ಸೌದೆ, ಅದೂ ಮುಗಿದರೆ ಹಳೆಯ ಟೈರಿನ ತುಂಡು. ಹಂಚಿನ ಸಂದಿಯಿಂದ, ಕಿಟಕಿಯಿಂದ, ಚರಂಡಿಯ ಮೇಲಿಂದ ಕಪ್ಪು ಹೊಗೆ ಹರಿದು ಬಂದು ಒಗೆದ ಬಟ್ಟೆಯ ಮೇಲೆ ಕೂರುತ್ತದೆ. ಅಲ್ಲಿ ಹುಟ್ಟಿದವರೆಲ್ಲ ಕೆಮ್ಮುತ್ತಲೇ ಬೆಳೆದವರು. ಹೊರಗಿನಿಂದ ಬಂದವರು ಯಾರಾದರೂ “ಯಾಕ್ರೀ, ಇಷ್ಟ್ಯಾಕ ಕೆಮ್ಮತೀರಿ?” ಎಂದರೆ, “ಕೆಮ್ಮೆಲ್ಲೈತ್ರೀ? ಅದು ಹೊಗಿ” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಮೊನ್ನೆ ನರ್ಸಬಾಯಿ ಬಂದು ಕೂಸನ್ನು ತೂಗಿ ನೋಡಿ ಹೋಗಿದ್ದಳು. ಹೋಗುವಾಗ ಹೊಸ್ತಿಲಲ್ಲಿ ನಿಂತು ಹೇಳಿದ್ದಳು: “ಕೆಮ್ಮಿನ ಸೂಜಿ ಒಂದೂವರೆ ತಿಂಗಳಿಗೆ. ಅಲ್ಲೀತನಕ ಕೂಸನ್ನ ಕಾಯೂದು ನಿಮ್ಮ ಕೈಯಾಗೈತಿ. ಬಹಳ ದಿನದಿಂದ ಕೆಮ್ಮೋರನ್ನ ತೊಟ್ಟಿಲ ಹತ್ರ ಬಿಡಬ್ಯಾಡ್ರಿ. ಕೆಮ್ಮಿ ಕೆಮ್ಮಿ ವಾಂತಿ ಆದ್ರ, ಕೆಮ್ಮಿನ ಕಡೀಕ ಉಸಿರು ಎಳಕೊಳ್ಳುವಾಗ ಸಪ್ಪಳ ಬಂದ್ರ, ಅದು ಹೊಗಿ ಅಲ್ಲ. ದೊಡ್ಡವರು ತಡಕೊಂತಾರ. ಇಷ್ಟು ಎಳೇದಕ್ಕ ಉಸಿರೇ ನಿಲ್ಲತೈತಿ.”

“ಈ ಓಣ್ಯಾಗ ಕೆಮ್ಮದವರು ಬೇಕಂದ್ರ ದೇವಳದಾಗಿನ ಗಣಪತಿನ್ನೇ ಎಬ್ಬಿಸಿ ತರಬೇಕು” ಎಂದು ಅಪ್ಪನ ತಾಯಿ ಆಜಿ ನಕ್ಕಳು. ನರ್ಸಬಾಯಿಯೂ ನಕ್ಕು ಚಹಾ ಕುಡಿದು ಹೋದಳು. ಛಬು ಮಾತ್ರ ಕೇಳಿಸಿಕೊಂಡ ಮಾತನ್ನು ಅಲ್ಲೇ ಇಟ್ಟುಕೊಂಡಳು.

ಶ್ರಾವಣ ಹಿಡಿದ ವಾರವೇ ಬಾರಸೆ, ಅಂದರೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ. ಚೊಚ್ಚಲ ಹೆರಿಗೆ ತವರಿನಲ್ಲಿ, ಹಾಗಾಗಿ ಬಾರಸೆಯೂ ಅಲ್ಲೇ. ಆದರೆ ಅಂದಿನ ಮರ್ಯಾದೆಯೆಲ್ಲ ಗಂಡನ ಮನೆಯವರದು. ಅದರಲ್ಲೂ ಕೂಸಿನ ಸೋದರತ್ತೆಯದು. ಅವಳು ತೊಟ್ಟಿಲಿನೊಳಕ್ಕೆ ಬಗ್ಗಿ, ಕೂಸಿನ ಕಿವಿಗೆ ತುಟಿ ತಾಗಿಸಿ, “ಕುರ್‍ರ್” ಎಂದು ಊದಿ ಹೆಸರು ಕರೆಯಬೇಕು. ಕರೆಯುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದಬೇಕು. ಗುದ್ದು ಜೋರಾದಷ್ಟೂ ಕೂಸಿನ ಆಯುಷ್ಯ ಜೋರು ಎನ್ನುತ್ತಾರೆ.

ಫಲಟಣದಿಂದ ಬೀಗರು ಬರುವ ಹೊತ್ತಿಗೆ ದಾರಿ ತೋರಿಸಲು ಅಪ್ಪ ದಗಡೂ ಛಬುವನ್ನು ಊರ ಹೊರಗಿನ ರಸ್ತೆಯ ನಾಕೆಗೆ ಕಳಿಸಿದ್ದ. ಅಲ್ಲಿ ಹೊಗೆಯಿಲ್ಲ, ಬರೀ ಮಳೆಗಾಲದ ಗಾಳಿ. ಜೀಪು ನಿಂತಿತು. ಮೊದಲು ಇಳಿದವಳು ಅಲಕಾ, ನಂದಾಳ ಗಂಡ ವಿಲಾಸನ ಅಕ್ಕ. ಹಸಿರು ಇಳಕಲ್ ಸೀರೆ, ಮೂಗಿನಲ್ಲಿ ನತ್ತು. ಇಳಿದವಳೇ ಜೀಪಿನ ಬಾಗಿಲು ಹಿಡಿದು ಕೆಮ್ಮತೊಡಗಿದಳು. ನಡುವೆ ಉಸಿರಿಗೆ ಎಡೆಯಿಲ್ಲದೆ, ಒಂದರ ಬೆನ್ನಿಗೆ ಒಂದು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಕೊನೆಗೆ ಕೊಳವೆಯಲ್ಲಿ ಗಾಳಿ ನುಗ್ಗಿದಂತೆ ಉದ್ದಕ್ಕೆ ಸದ್ದು ಮಾಡಿ ಉಸಿರೆಳೆದುಕೊಂಡಳು. ಆಮೇಲೆ ಗಾಲಿಯ ಪಕ್ಕ ಕೂತು ಕಾರಿಕೊಂಡಳು.

“ಘಾಟಿನಾಗ ಗಾಡಿ ತಿರುಗ್ತು, ಅದಕ್ಕ” ಎಂದು ಬೀಗಿತಿ ಕೃಷ್ಣಾಬಾಯಿ ಮಗಳಿಗೆ ನೀರು ಕೊಟ್ಟಳು. ಘಾಟಿ ಹಿಂದೆ ಬಿಟ್ಟು ಎಷ್ಟೋ ಹೊತ್ತಾಗಿತ್ತು, ಕರಾಡದವರೆಗಿನ ಉಳಿದ ದಾರಿಯೆಲ್ಲ ಸಪಾಟು ಎಂಬುದು ಛಬುವಿಗೆ ಗೊತ್ತಿತ್ತು. ಅವಳು ಚೀಲ ಎತ್ತಿಕೊಂಡಳು.

ಊಟಕ್ಕೆ ಕೂತಾಗ ಅಲಕಾ ತಾನಾಗಿಯೇ ಹೇಳಿದಳು: “ನಮ್ಮ ಹುಡುಗನ ಸಾಲ್ಯಾಗೆಲ್ಲಾ ಹುಡುಗ್ರಿಗೂ ಇದಾ ಕೆಮ್ಮು. ಅಂವ ಕೆಮ್ಮಿ ಕೆಮ್ಮಿ ಉಂಡದ್ದೆಲ್ಲಾ ಕಕ್ಕತಿದ್ದ. ಅಂವಂದು ಇಳೀತು, ನನಗ ಹತ್ತೇತಿ. ಮೈಯಾಗ ಜ್ವರಿಲ್ಲ, ಏನಿಲ್ಲ. ಆದ್ರ ಒಂದ ರಾತ್ರಿ ಕಣ್ಣ ಮುಚ್ಚಿಲ್ಲ ನೋಡ್ರಿ.” ಅವಳ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟಳು.

ಛಬು ತಾಟು ಎತ್ತಿಕೊಂಡು ನೇರ ಒಲೆಯ ಹತ್ತಿರ ಹೋದಳು. “ಆಯಿ, ನರ್ಸಬಾಯಿ ಹೇಳಿದ್ದು ಇದಾ ಕೆಮ್ಮು. ಅಲಕಾಕ್ಕ ಕೂಸಿನ ಕಿವಿಗೆ ಬಾಯಿ ಹಚ್ಚಬಾರದು.”

ತಾಯಿ ಸೌಟು ಹಿಡಿದವಳು ಹಾಗೆಯೇ ನಿಂತಳು. “ಬಾಯಿ ಮುಚ್ಚು. ಬೀಗರು ಕೇಳಿಸ್ಕೊಂಡಾರು.”

“ನಾ ಹೊಗಿ ಇಲ್ಲದ ಜಾಗಾದಾಗ ನೋಡೀನಿ. ನಾಕೆದಾಗ.”

“ನೋಡಿದ್ದನ್ನೆಲ್ಲಾ ಹೇಳಾಕ ಹೋದ್ರ ಸಂಸಾರ ಆಗ್ತಾವೇನ? ಅಕ್ಕನ ಮಾರಿ ನೋಡಿ ಸುಮ್ಮನಿರು.”

ಅವಳು ಅಕ್ಕನ ಮುಖವನ್ನೂ ನೋಡಿದಳು. ಬಾಣಂತಿ ಕೋಣೆಯಲ್ಲಿ ನಂದಾಳಿಗೆ ಹೊಸ ಸೀರೆ ಉಡಿಸುತ್ತ ಪಿಸುಮಾತಿನಲ್ಲಿ ಎಲ್ಲ ಹೇಳಿದಳು. ನಂದಾ ಸೆರಗಿನ ಅಂಚು ತಿರುಗಿಸಿದಳು. “ನೀ ಹೇಳೂದು ಖರೇ ಇದ್ದರೂ ಇರಬಹುದು, ಛಬಿ. ನಾ ಹೆಂಗ ಹೇಳ್ಲಿ? ನಾಳೆ ಆ ಮನ್ಯಾಗ ಬಾಳೇ ಮಾಡಾಕಿ ನಾನು. ಗಂಡು ಹುಟ್ಟಲಿಲ್ಲಂತ ಮದಲಾ ಮಾರಿ ಸಣ್ಣ ಮಾಡ್ಯಾರ.”

ಸಂಜೆ ತೊಟ್ಟಿಲಿಗೆ ಚೆಂಡು ಹೂವಿನ ಸರ ಕಟ್ಟಿದ್ದರು. ಓಣಿಯ ಹೆಂಗಸರು ಒತ್ತಿಕೊಂಡು ನಿಂತಿದ್ದರು. ಅಲಕಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಾಗ ಛಬು ತೊಟ್ಟಿಲಿಗೆ ಅಡ್ಡ ಬಂದು ನಿಂತದ್ದನ್ನು ಯಾರಿಗೂ ನಂಬಲಾಗಲಿಲ್ಲ. ಅವಳ ದನಿ ನಡುಗುತ್ತಿತ್ತು.

“ಅಲಕಾಕ್ಕಾ, ನಿಮಗ ಕೆಮ್ಮೈತಿ. ಇವತ್ತೊಂದಿನ ಹೆಸರ ಬ್ಯಾರೆಯವರು ಕರೀಲಿ. ಇಲ್ಲಾ, ಸೆರಗ ಬಾಯಿಗೆ ಕಟ್ಟಿಕೊಂಡು ಇಲ್ಲೇ ನಿಂತು ಕರೀರಿ.”

ಕೃಷ್ಣಾಬಾಯಿಯ ನಗು ಕೇಳಿಸಿತು. ಅದು ನಗುವಲ್ಲ ಎಂಬುದು ಎಲ್ಲರಿಗೂ ತಿಳಿಯಿತು. “ನೋಡ್ರವ್ವಾ, ತಾಯಿ ತಂಗಿಗೆ ಅತ್ತಿ ಪಟ್ಟ ಬೇಕಾಗೇತಿ! ನಿನ್ನ ಮದುವಿ ಆಗಲಿ, ನಿನ್ನ ಅಣ್ಣತಮ್ಮರ ಮಕ್ಕಳ ಕಿವ್ಯಾಗ ಬೇಕಾದಷ್ಟು ಕುರ್‍ರ್ ಅನ್ನುವಂತಿ.”

“ಅಣ್ಣತಮ್ಮರು ಇಲ್ಲಲ್ಲರೀ ಆಕಿಗೆ” ಎಂದಳು ಯಾರೋ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

“ವಿಹೀಣಬಾಯಿ, ಸಣ್ಣ ಹುಡುಗಿ, ತಿಳೀಲಾರದ ಮಾತಾಡೇತಿ” ಎಂದು ತಾಯಿ ಬೀಗಿತಿಗೆ ಕೈಮುಗಿದಳು.

“ತಿಳೀಲಾರದ? ನನ್ನ ಮಗಳಿಗೆ ರೋಗ ಐತಿ ಅಂತಾಳಲ್ಲ ಆಕಿ, ತುಂಬಿದ ಮನ್ಯಾಗ! ವಿಲಾಸ, ಜೀಪ ತಿರುಗಸಾಕ ಹೇಳು. ಹೆಸರ ಅವರಾ ಇಟ್ಟುಕೊಳ್ಳಲಿ.”

ದಗಡೂ ಭಟ್ಟಿಯ ಮಸಿಗೈಯಲ್ಲೇ ಒಳಗೆ ಓಡಿಬಂದ. ಛಬುವಿನ ರಟ್ಟೆ ಹಿಡಿದು ಬದಿಗೆ ಎಳೆದ. “ಹೊಗಿ ಅದು, ಹುಚ್ಚೀ! ನಮ್ಮ ಹೊಗಿ ಹತ್ತಿ ಅವರು ಕೆಮ್ಮಾಕತ್ತಾರ. ಮಾಫಿ ಕೇಳು.” ಅವಳು ಕೇಳಲಿಲ್ಲ, ಆದರೆ ಬಾಗಿಲ ಕಡೆಗೆ ಸರಿದಳು. ಅಷ್ಟೇ ಅವಳ ಕೈಲಾದದ್ದು.

ಅಲಕಾ ಕೆಟ್ಟವಳಲ್ಲ. ತಮ್ಮನ ಮಗಳೆಂದರೆ ಅವಳಿಗೆ ಜೀವ. ಕೂಸಿಗೆ ತಾನೇ ಹೊಲಿದ ಕುಂಚಿಗೆ ತಂದಿದ್ದಳು. ತೊಟ್ಟಿಲಿನೊಳಕ್ಕೆ ಬಗ್ಗಿ ಆ ಸಣ್ಣ ಕಿವಿಗೆ ತುಟಿ ತಾಗಿಸಿ “ಕುರ್‍ರ್, ಶ್ರಾವಣಿ” ಎಂದಳು. ಹೆಂಗಸರು ಕೇಕೆ ಹಾಕಿ ಬೆನ್ನಿಗೆ ಗುದ್ದಿದರು, ಇನ್ನಷ್ಟು ಗುದ್ದಿದರು. ಆ ಗುದ್ದಿಗೆ ಎದೆಯಲ್ಲಿ ಕಟ್ಟಿಹಿಡಿದಿದ್ದ ಕೆಮ್ಮು ಒಮ್ಮೆಲೇ ಬಿಚ್ಚಿಕೊಂಡಿತು. ಎದ್ದು ಬರಬೇಕೆಂದರೆ ಹಿಂದೆ ಹೆಂಗಸರ ಗೋಡೆ, ಬೆನ್ನ ಮೇಲೆ ಕೈಗಳು. ತೊಟ್ಟಿಲಿನೊಳಗೇ, ಕೂಸಿನ ಮುಖದ ಮೇಲೇ ಅವಳು ಕೆಮ್ಮಿದಳು, ಕೆಮ್ಮಿದಳು, ಕೆಮ್ಮಿದಳು. ಹೆಂಗಸರು ಅದನ್ನೂ ಶಾಸ್ತ್ರದ ಗದ್ದಲವೆಂದುಕೊಂಡು ನಕ್ಕರು. ಕೂಸು ಕಣ್ಣು ಪಿಳುಕಿಸಿತು. ಛಬು ಬಾಗಿಲಲ್ಲಿ ನಿಂತು ನೋಡಿದಳು.

ಬೀಗರು ಹೋದರು. ಹುಣ್ಣಿಮೆಯ ಹೊತ್ತಿಗೆ ಕೂಸಿನ ಮೂಗು ಸೋರತೊಡಗಿತು. ಆಮೇಲೆ ಒಂದೆರಡು ಸೀನು. ಅದರ ಬೆನ್ನಿಗೆ ಬೆಕ್ಕು ಮುಲುಗಿದಷ್ಟು ಸಣ್ಣ ಕೆಮ್ಮು.

“ಭಟ್ಟಿ ಮನಿ ಕೂಸು, ಹೊಗಿ ರೂಢಿ ಆಗಬೇಕಲ್ಲ” ಎಂದಳು ಆಜಿ. ರೂಢಿಯಾಗಲೆಂದು ಕೆಂಡದ ಮೇಲೆ ಓಮು, ಲೋಬಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ, ಕೂಸನ್ನು ಆ ಹೊಗೆಯ ಮೇಲೆ ಆಡಿಸಿದಳು. ಬಾಣಂತಿ ಕೋಣೆಯ ಕಿಟಕಿಗೆ ಗೋಣಿತಟ್ಟು ಬಡಿದರು, ಗಾಳಿ ತಾಗಬಾರದೆಂದು. ದೃಷ್ಟಿ ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು. ಅದರ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು. “ನೋಡು, ಎಲ್ಲಾರೂ ಕೆಮ್ಮತಾರ. ಕೂಸೂ ಕೆಮ್ಮತೈತಿ” ಎಂದಳು ಆಜಿ, ಇದರಿಂದ ಎಲ್ಲವೂ ತೀರ್ಮಾನವಾಯಿತೆಂಬಂತೆ.

ಛಬು ಹೊಗೆ ಹೋಗಲೆಂದು ಗೋಣಿತಟ್ಟು ಸರಿಸುವಳು, ಆಜಿ ಮತ್ತೆ ಮುಚ್ಚುವಳು. ಛಬು ಕೆಂಡದ ಮಡಕೆಯನ್ನು ಹಿತ್ತಲಿಗೆ ಒಯ್ಯುವಳು, ತಾಯಿ ಮರಳಿ ತರುವಳು. ಮನೆಯಲ್ಲಿ ಜಗಳವೂ ಆಗಲಿಲ್ಲ. ಜಗಳವಾಡಲು ಯಾರಿಗೂ ತ್ರಾಣವಿರಲಿಲ್ಲ. ಗಣಪತಿ ಹಬ್ಬಕ್ಕೆ ಚುರುಮುರಿ ಬೇಡಿಕೆ ಏರಿ ಭಟ್ಟಿ ಆರುತ್ತಲೇ ಇರಲಿಲ್ಲ. ಜರಡಿ ಹಿಡಿದು ಹಿಡಿದು ಛಬುವಿನ ಭುಜ ಬಿದ್ದುಹೋಗುತ್ತಿತ್ತು. ಆದರೂ ಅವಳ ಕಿವಿ ಒಳಕೋಣೆಯಲ್ಲೇ ಇರುತ್ತಿತ್ತು. ಓಣಿಯ ಎಷ್ಟೋ ಕೆಮ್ಮುಗಳ ನಡುವೆ ಅದೊಂದನ್ನು ಅವಳು ಬೇರೆಯಾಗಿ ಗುರುತಿಸುತ್ತಿದ್ದಳು: ಸಣ್ಣಸಣ್ಣದಾಗಿ ಒಂದರ ಮೇಲೊಂದು ಬಂದು, ಆಮೇಲೆ ಏನೂ ಕೇಳಿಸದೆ ಹೋಗುವ ಕೆಮ್ಮು. ಆ ಏನೂ ಕೇಳಿಸದ ಹೊತ್ತೇ ಅವಳನ್ನು ಜರಡಿ ಬಿಟ್ಟು ಓಡಿಸುತ್ತಿತ್ತು. ಓಡಿಹೋಗಿ ನೋಡಿದರೆ ಕೂಸಿನ ತುಟಿಯ ಸುತ್ತ ನೇರಳೆ ಬಣ್ಣ. ಎತ್ತಿ ಬೆನ್ನು ಸವರಿದರೆ ಉಸಿರು ಮರಳುತ್ತಿತ್ತು, ಕುಡಿದ ಹಾಲೆಲ್ಲ ಹೊರಬರುತ್ತಿತ್ತು.

“ಆಬಾ, ದವಾಖಾನಿಗೆ ಒಯ್ಯೂಣು” ಎಂದಳು ಅಪ್ಪನಿಗೆ.

“ಹಬ್ಬ ಕಳೀಲಿ.”

“ಹಂಗಾದ್ರ ಎರಡು ದಿನ ಭಟ್ಟಿ ಆರಿಸ್ರಿ. ಹೊಗಿಯಿಂದ ಬಂದಿದ್ರ ಕೆಮ್ಮು ನಿಂತೀತು.”

ದಗಡೂ ಮರಳು ತೊಳಸುತ್ತಲೇ ಇದ್ದ. “ಭಟ್ಟಿ ಆರಿಸಿದ್ರ ಹೊಟ್ಟಿಗೇನ ಹಾಕ್ತಿ? ಹೊಗಿಯಾಗ ನಾ ಬೆಳೀಲಿಲ್ಲ? ನೀ ಬೆಳೀಲಿಲ್ಲ?”

“ಎಲ್ಲಾರೂ ಬೆಳದಿಲ್ಲ, ಆಬಾ” ಎಂದಳು ಛಬು. ದಗಡೂ ಅವಳನ್ನು ನೋಡಲಿಲ್ಲ. ಅವನ ಮೊದಲಿನ ಎರಡು ಗಂಡುಕೂಸುಗಳು ಆ ಮನೆಯಲ್ಲೇ ಹೋಗಿದ್ದವು. ಯಾತರಿಂದ ಹೋದವೆಂದು ಯಾರೂ ಕೇಳಿರಲಿಲ್ಲ.

ಶ್ರಾವಣದ ಅಮಾವಾಸ್ಯೆ ಬಂತು. ಭಟ್ಟಿಗೆ ಬೆಂಕಿ ಹಾಕದ ದಿನ ಅದು. ಮುಂಚಿನ ಸಂಜೆಯೇ ಓಣಿಯ ಒಲೆಗಳೆಲ್ಲ ಆರಿದವು. ಬೆಳಗ್ಗೆ ಮಳೆಯೊಂದು ಬಂದು ಹೋಗಿ, ಹಂಚುಗಳು ತೊಳೆದು ನಿಂತು, ಕೃಷ್ಣೆಯ ಕಡೆಯ ತಂಗಾಳಿ ಓಣಿಗೆ ನುಗ್ಗಿತು. ಓಣಿ ನಿಶ್ಶಬ್ದವಾಗಿತ್ತು. ಎಷ್ಟೋ ಗಂಟಲುಗಳಿಗೆ ಅಂದು ಬಿಡುವು. ಒಳಗೆ ಆಜಿ ಮಕ್ಕಳ ಆಯುಷ್ಯಕ್ಕಾಗಿ ಮಾಡುವ ಪಿಠೋರಿ ಪೂಜೆಗೆ ಹಿಟ್ಟಿನ ಗೊಂಬೆ ಮಾಡುತ್ತಿದ್ದಳು. ದಗಡೂ ತಣ್ಣಗಾದ ಒಲೆಯಿಂದ ಬೂದಿ ತೆಗೆಯುತ್ತಿದ್ದ.

ಆ ಶುಭ್ರ ಗಾಳಿಯಲ್ಲಿ ಕೂಸು ಕೆಮ್ಮಿತು.

ದಗಡೂವಿನ ಕೈ ನಿಂತಿತು. ಅವನು ತಲೆಯೆತ್ತಿ ಹಂಚಿನ ಕಡೆ ನೋಡಿದ, ಒಲೆಯ ಬಾಯಿ ನೋಡಿದ, ಅಂಗಳದ ಬೆಳಕನ್ನು ನೋಡಿದ. ಕೆಮ್ಮು ಒಂದರ ಮೇಲೊಂದು ಬಂದು, ಎಂದಿನಂತೆ ಸಟ್ಟನೆ ಇಲ್ಲವಾಯಿತು. ಒಳಗಿನಿಂದ ನಂದಾ ಚೀರಿದಳು.

ಛಬು ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬಂದಿದ್ದಳು. ಕೂಸಿನ ಮುಖ ನೀಲಿಗಟ್ಟಿತ್ತು, ಕೈಕಾಲು ಒಗೆದ ಬಟ್ಟೆಯಂತೆ ಜೋತಿದ್ದವು. ಬೆನ್ನು ಸವರಿ ಸವರಿ ಒಮ್ಮೆ ಉಸಿರು ಬಂದಿತು. “ಈಗ ಎಲ್ಲೈತಿ ಆಬಾ ಹೊಗಿ? ತೋರಸ್ರಿ.”

ದಗಡೂ ಬೂದಿಯ ಬುಟ್ಟಿ ಎತ್ತಿಕೊಂಡ.

“ಅಮಾಸಿ ದಿನ ಕೂಸನ್ನ ಹೊಸ್ತಿಲ ದಾಟಸಬಾರದು!” ಆಜಿ ಹಿಟ್ಟಿನ ಕೈಯಲ್ಲೇ ಓಣಿಯ ಕಡೆಯ ಬಾಗಿಲಿಗೆ ಅಡ್ಡ ನಿಂತಳು. “ಸವಾ ತಿಂಗಳಿನ ಬಾಣಂತನ ಮುಗಿದಿಲ್ಲ ಇನ್ನ. ನಾಳೆ ಹೊತ್ತು ಹೊಂಟ ಮ್ಯಾಲೆ ಒಯ್ಯಿರಿ. ನನ್ನ ಮಾತ ಕೇಳ ದಗಡ್ಯಾ.”

ದಗಡೂ ತಾಯಿಯ ಮುಖ ನೋಡಿದ, ಮಗಳ ಮುಖ ನೋಡಿದ, ಬೂದಿಯ ಬುಟ್ಟಿ ಹಿಡಿದು ಅಲ್ಲೇ ನಿಂತ. ಹುಟ್ಟಿದಾಗಿನಿಂದ ಯಾರಿಗೂ ಎದುರಾಡದ ಛಬು ಆಜಿಯ ಕೈಯನ್ನು ಮೆತ್ತಗೆ ಬದಿಗೆ ಸರಿಸಿದಳು. ಚಪ್ಪಲಿಯಿಲ್ಲದೆ ಓಣಿಯ ಕೆಸರಲ್ಲಿ ನಡೆದಳು. ನಂದಾ ಹಸಿ ಬಾಣಂತಿ, ಗೋಡೆ ಹಿಡಿಯುತ್ತ ಅವಳ ಹಿಂದೆ ಬಂದಳು.

ದವಾಖಾನೆಯ ಡಾಕ್ಟರು ಮಾತು ಕಡಿಮೆಯ ಹೆಂಗಸು. ಕೂಸಿನ ಮೂಗಿಗೆ ಆಮ್ಲಜನಕದ ನಳಿಗೆ ಇಡಿಸಿ, ಆಮೇಲೆ ಛಬುವಿನ ಕಡೆ ತಿರುಗಿದರು. “ನಾಯಿಕೆಮ್ಮು. ದೊಡ್ಡವರ ಹಂಗ ಎಳೇ ಕೂಸು ಉಸಿರೆಳೆಯೋ ಸಪ್ಪಳ ಮಾಡೂದಿಲ್ಲ. ಸುಮ್ಮನಾಗಿಬಿಡತಾವ. ಮನ್ಯಾಗ ಯಾರಿಗಿತ್ತು?”

ಛಬು ಹೇಳಿದಳು.

“ನಂಜು ಬಹಳ ಒಳಗ ಇಳದೈತಿ. ಕೆಮ್ಮು ಸುರು ಆದಾಗ ಬಂದಿದ್ರ...” ಎಂದು ಶುರು ಮಾಡಿದವರು ನಂದಾಳನ್ನು ನೋಡಿ ಅಲ್ಲಿಗೇ ಬಿಟ್ಟರು. “ಮನೆಮಂದಿಗೆಲ್ಲಾ ಗುಳಿಗಿ ಕೊಡತೀನಿ. ಕೆಮ್ಮಿದ್ದರೂ ತಗೋಬೇಕು, ಇಲ್ಲದಿದ್ದರೂ ತಗೋಬೇಕು. ಮುಗಿಸೋತನಕ ಬ್ಯಾರೆ ಯಾವ ಕೂಸಿನ ಹತ್ರಾನೂ ಹೋಗಬಾರದು. ಆ ಅತ್ತಿಗೂ ಹೇಳ್ರಿ.”

ಹೊಸ ಚಂದ್ರನ ಗೆರೆ ಕಾಣಿಸಿದ ಸಂಜೆ ಶ್ರಾವಣಿ ಹೋದಳು. ಕೆಮ್ಮಿ ಹೋಗಲಿಲ್ಲ. ಕೆಮ್ಮಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ನಂದಾಳ ಎದೆಯ ಹಾಲು ಸೀರೆಯನ್ನು ತೋಯಿಸುತ್ತಲೇ ಇತ್ತು. ಅವಳು ಅಳಲಿಲ್ಲ. ಸೆರಗನ್ನು ಮಡಚಿ ಮಡಚಿ ಎದೆಗೆ ಒತ್ತಿಕೊಂಡು ಕೂತಳು.

ಫಲಟಣದವರು ಬಂದರು. ಎಳೆಯ ಕೂಸಿನ ಸೂತಕ ದೊಡ್ಡದಲ್ಲ, ಬೇಗ ಕಳೆಯಿತು. ಆ ದಿನಗಳಲ್ಲಿ ಮನೆಯಲ್ಲಿ ಮಾತು ಸಣ್ಣಗೆ ಕುದಿಯುತ್ತಲೇ ಇತ್ತು. ಹೊಗೆ ಎಂದರು. ದೃಷ್ಟಿ ಎಂದರು. ಅಮಾವಾಸ್ಯೆಯ ಹೊಸ್ತಿಲು ಎಂದರು. ಕೊನೆಗೆ ಎಲ್ಲ ಬೆರಳುಗಳೂ ಒಂದೇ ಕಡೆ ತಿರುಗಿದವು.

“ತೊಟ್ಟಿಲ ಮುಂದ ನಿಂತು ಅಪಶಕುನ ನುಡದಳು” ಎಂದಳು ಕೃಷ್ಣಾಬಾಯಿ. “ಅಂಥಾ ನಾಲಿಗಿ ಇರೂ ಮನ್ಯಾಗ ಕೂಸು ಹೆಂಗ ಉಳೀತಾವ?”

ತಾಯಿ ಇಲ್ಲವೆನ್ನಲಿಲ್ಲ. ದಗಡೂ ಹೊರಗೆ ಹೋದ. ಛಬು ಪಾತ್ರೆ ತೊಳೆಯುತ್ತಿದ್ದಳು. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕು. ದವಾಖಾನೆಯ ಗುಳಿಗೆಯ ಪೊಟ್ಟಣಗಳನ್ನು ಅವಳು ಎಲ್ಲರ ಮುಂದೆ ಇಟ್ಟು ನೋಡಿದ್ದಳು. ತಾನು ನುಂಗಿದಳು, ನಂದಾಳಿಗೆ ನುಂಗಿಸಿದಳು. ಅಲಕಾ ಕೈ ಚಾಚಿದಾಗ ಕೃಷ್ಣಾಬಾಯಿ ತಡೆದಳು: “ಸತ್ತ ಮನಿಯಿಂದ ಔಷಧ ಒಯ್ಯಬಾರದು.” ಅಲಕಾ ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಅತ್ತು ಅತ್ತು ಅವಳ ದನಿ ಹೋಗಿತ್ತು. ಈಗ ಅವಳ ಜೊತೆಗೆ ಕೃಷ್ಣಾಬಾಯಿಯೂ ಕೆಮ್ಮುತ್ತಿದ್ದಳು, ಹೊಸ ಕೆಮ್ಮು.

ಹೊರಡುವ ದಿನ ಜೀಪು ಓಣಿಯ ತುದಿಯಲ್ಲಿ ನಿಂತಿತ್ತು. ಪಡಸಾಲೆಯಲ್ಲಿ ಎಲ್ಲರೂ ಕೂಡಿದ್ದರು. ಕೃಷ್ಣಾಬಾಯಿ ಚೀಲದ ಬಾಯಿ ಕಟ್ಟುತ್ತ ಮಗನಿಗೆ ಹೇಳಿದಳು: “ಲಗೂ ಹೋಗೂಣು. ನಾಡದಾ ನಿನ್ನ ಕಾಕಾನ ಮಮ್ಮಗನ ಬಾರಸೆ. ಆ ಮನ್ಯಾಗ ಹೆಣ್ಣುಮಕ್ಕಳಿಲ್ಲ, ಅತ್ತಿ ಮಾನ ಅಲಕಾಂದಾ. ದುಃಖ ಐತಂತ ಅವರ ಕೂಸನ್ನ ಹೆಸರಿಲ್ಲದ ಬಿಡಾಕ ಬರತೈತೇನ?”

ಅಲಕಾಳಿಗೆ ಮತ್ತೆ ಕೆಮ್ಮು ಬಂತು. ಗೋಡೆ ಹಿಡಿದು ಬಗ್ಗಿ ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಛಬು ಒಳಗಿನಿಂದ ಬಂದು ಕಂಬದ ಹತ್ತಿರ ನಿಂತಳು. ಈ ಸಲ ಅವಳ ದನಿ ನಡುಗಲಿಲ್ಲ. ಕೈ ಮಾತ್ರ ಸೀರೆಗೆ ಒರೆಸಿಕೊಳ್ಳುತ್ತಲೇ ಇತ್ತು. ಅವಳು ಕೃಷ್ಣಾಬಾಯಿಯನ್ನು ನೋಡಿದಳು, ಭಾವ ವಿಲಾಸನನ್ನು ನೋಡಿದಳು, ಆಮೇಲೆ ಅಲಕಾಳನ್ನು ನೋಡಿದಳು.

“ಕೆಮ್ಮು ವಾಸಿ ಆಗೋತನಕ ಆ ಕೂಸಿನ ಹತ್ರ ಹೋಗಬ್ಯಾಡ್ರಿ” ಎಂದಳು.

ಕೃಷ್ಣಾಬಾಯಿ ಕಟ್ಟಿದ ಚೀಲ ಎತ್ತಿಕೊಂಡು ಜೀಪಿನ ಕಡೆ ನಡೆದಳು.